ಹೊರೇಸನ ಪೀಪಾಯಿಗೆ ಕಾಲು ಪಂಪು

ನಮ್ಮ ಬೀದಿಯಲ್ಲಿ ಒಬ್ಬರ ಬಿಯರ್ ಪೀಪಾಯಿಯ ನಲ್ಲಿಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೆ ಇಂಗ್ಲೆಂಡಿನ ಬರ್ನ್ಲಿ ಊರಿನ ಈ ಬೀದಿಗೆ ನಾನು ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಇಲ್ಲಿನ ಗಂಡಸರು ಚರ್ಚು ತಪ್ಪಿಸಿದರೂ ಈ ನೇಮ ತಪ್ಪಿಸಿದ್ದಿಲ್ಲ. ಮೊಳಕೆ ಬಾರ್ಲಿಯ ಮಾಲ್ಟು, ಕಹಿ ಹಾಪ್ ಹೂವು ಕುದಿಸಿ ಹುದುಗಿಸಿದವನು ಯಾರೋ, ಸುರಿಯಬೇಕಾದವನೂ ಅವನೇ. ಮೊದಲ ಗ್ಲಾಸು ತನಗೆ ಸುರಿದುಕೊಂಡು, ಎಲ್ಲರ ಮುಂದೆ ಒಂದು ಗುಟುಕು ಕುಡಿದು, ಮುಖ ಕಿವುಚದೆ ನಿಂತರೆ ಆಮೇಲೆ ಉಳಿದವರು ತಮ್ಮ ಗ್ಲಾಸು ಚಾಚುತ್ತಾರೆ. ಬೇರೆಯವನ ನಲ್ಲಿ ತಿರುಗಿಸುವುದೆಂದರೆ ಬೇರೆಯವನ ಹೆಂಡತಿಯ ಸೊಂಟಕ್ಕೆ ಕೈ ಹಾಕಿದಷ್ಟೇ ಕೆಟ್ಟದ್ದು. ಕೆಲವರ ವಿಷಯದಲ್ಲಿ ಹೇಳುವುದಾದರೆ ಅದಕ್ಕಿಂತಲೂ ಕೆಟ್ಟದ್ದು.

ನನ್ನ ಗಂಡ ಹೊರೇಸ್ ಬಟ್ಟೆ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದವನು. ಗಿರಣಿ ಮುಚ್ಚಿದ ಮೇಲೆ ಅವನ ಮೇಸ್ತ್ರಿಕೆಯೆಲ್ಲ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದ ಒಂದು ಪ್ಲಾಸ್ಟಿಕ್ ಪೀಪಾಯಿಯ ಮೇಲೆ ಬಿತ್ತು. ಕಂದು ಬಣ್ಣದ, ಗುಂಡು ಹೊಟ್ಟೆಯ ಪೀಪಾಯಿ. ಬುಡದಲ್ಲಿ ನಲ್ಲಿ, ತಲೆಯ ಮೇಲೆ ತಿರುಪಿನ ಮುಚ್ಚಳ. ಬಿಯರಿನ ಜೊತೆ ಒಂದಿಷ್ಟು ಸಕ್ಕರೆ ಹಾಕಿ ಮುಚ್ಚಳ ಬಿಗಿದರೆ ಒಳಗೇ ಗಾಳಿ ಹುಟ್ಟಿ ಒತ್ತಡ ಕಟ್ಟುತ್ತದೆ. ಆ ಒತ್ತಡವೇ ಬಿಯರನ್ನು ನಲ್ಲಿಗೆ ತಳ್ಳುತ್ತದೆ, ಕೆಡದಂತೆಯೂ ಕಾಯುತ್ತದೆ. ಹೊರೇಸ್ ಅದಕ್ಕೆ ಉಸಿರು ಅನ್ನುತ್ತಿದ್ದ. ಅಂಗಡಿಯಿಂದ ಪುಟ್ಟ ಗ್ಯಾಸ್ ಬುರುಡೆ ತಂದು ಪೀಪಾಯಿಗೆ ಚುಚ್ಚುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಸ್ವಂತ ಉಸಿರಿರೋ ಬಿಯರ್ ನಂದು" ಅಂತ ಭಾನುವಾರಕ್ಕೊಮ್ಮೆ ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ. ಒಂದು ಪೀಪಾಯಿಯನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದ. ತಲೆಗೆ ಒಂದೇ ಗ್ಲಾಸು. ಎರಡನೆಯದು ಕೇಳಿದವನಿಗೆ ಗೋಡೆ ಗಡಿಯಾರ ತೋರಿಸುತ್ತಿದ್ದ.

ಒಂದು ವರ್ಷ ಚಳಿಗಾಲದಲ್ಲಿ, ಹೊಸ ಬಿಯರು ತುಂಬಿ ಮುಚ್ಚಳ ಬಿಗಿದ ಸ್ವಲ್ಪ ದಿನಕ್ಕೇ ಅವನಿಗೆ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಹೋಯಿತು. ಬಲಗಾಲು ಕೋಲಿನ ಆಸರೆಗೆ ಬಂತು. ನಾಲಿಗೆಗೆ ಏನೂ ಆಗಲಿಲ್ಲ. ಆಸ್ಪತ್ರೆಯ ನರ್ಸುಗಳು ಅದು ನಮ್ಮ ಪುಣ್ಯ ಅಂದರು. ಪಾಪ, ಅವರಿಗೆ ಅವನ ನಾಲಿಗೆಯ ಪರಿಚಯ ಇನ್ನೂ ಪೂರ್ತಿ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಅವನು ಎಲ್ಲವನ್ನೂ ಕಲಿತುಕೊಂಡ. ಎಡಗೈಯಲ್ಲಿ ಗಡ್ಡ ಹೆರೆಯುವುದು, ಗುಂಡಿ ಹಾಕಿಕೊಳ್ಳುವುದು, ಪತ್ರಿಕೆ ಮಡಚುವುದು. ಬಿಯರ್ ಸುರಿಯುವುದು ಮಾತ್ರ ಒಂದು ಕೈಯ ಕೆಲಸವಲ್ಲ. ಒಂದು ಕೈ ಗ್ಲಾಸನ್ನು ಓರೆಯಾಗಿ ಹಿಡಿದು, ತುಂಬಿದ ಹಾಗೆ ನೆಟ್ಟಗೆ ಮಾಡುತ್ತ ಬರಬೇಕು. ಇನ್ನೊಂದು ಕೈ ನಲ್ಲಿಯನ್ನು ಹದವಾಗಿ ತಿರುಗಿಸುತ್ತಿರಬೇಕು. ಗ್ಲಾಸನ್ನು ಕೆಳಗಿಟ್ಟು ನಲ್ಲಿ ಬಿಟ್ಟರೆ ಬರುವುದು ಬರೀ ನೊರೆ.

ನಾನು ಸುರಿಯುತ್ತೇನೆ ಅಂದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ನಮ್ಮ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದವರು ಬರುವುದನ್ನು ಬಿಟ್ಟರು. ಅವರದೇನೂ ತಪ್ಪಿಲ್ಲ. ಸುರಿಯಲಾರದವನ ಮನೆಗೆ ಗ್ಲಾಸು ಹಿಡಿದು ಹೇಗೆ ಹೋಗುವುದು? ಒಲೆಯಲ್ಲಿ ಮಾಂಸ ಬೇಯುವ ಚಿಟಪಟ ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ. ಹೊರೇಸ್ ಕಿಟಕಿಯ ಹತ್ತಿರ ಕೂತು, ಅವರೆಲ್ಲ ಪಕ್ಕದ ಮನೆಯ ಕ್ಲೆಮ್‌ನ ಹಿತ್ತಲಿಗೆ ಹೋಗುವುದನ್ನು ನೋಡುತ್ತಿದ್ದ. ಕೈ ಹೋದಾಗ ಅಳದವನು ಅಲ್ಲಿ ಕೂತು ದಿನದಿನಕ್ಕೆ ಸಣ್ಣಗಾಗುತ್ತ ಬಂದ. ನನಗೆ ಅದು ಸಹಿಸಲಾಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಬಿಯರಲ್ಲ. ಆ ಕೋಣೆಯ ಯಜಮಾನ ಬೇಕಾಗಿದ್ದ.

ಕ್ಲೆಮ್ ಕೊಳಾಯಿ ಕೆಲಸ ಮಾಡಿ ನಿವೃತ್ತನಾದವನು, ಹೊರೇಸನ ಬಾಲ್ಯದ ಗೆಳೆಯ. ಮೊದಲು ಅವನೊಂದು ತಗಡಿನ ತೊಟ್ಟಿಲು ಮಾಡಿಕೊಂಡು ಬಂದ. ಗ್ಲಾಸನ್ನು ಅದರಲ್ಲಿ ಓರೆಯಾಗಿ ಮಲಗಿಸಿದರೆ ಹೊರೇಸ್ ಎಡಗೈಯಲ್ಲಿ ನಲ್ಲಿ ತಿರುಗಿಸಬಹುದು ಅನ್ನುವುದು ಅವನ ಲೆಕ್ಕ. ಓರೆಯಾದ ಗ್ಲಾಸು ಅರ್ಧ ತುಂಬುವಷ್ಟರಲ್ಲಿ ಚೆಲ್ಲಿತು. ನೆಟ್ಟಗಿಟ್ಟರೆ ನೊರೆ ಉಕ್ಕಿತು.

"ಬ್ರಷ್ ತಗೊಂಬಾ ಹೆಟ್ಟೀ, ಗಡ್ಡ ಮಾಡ್ಕೊಳ್ತೀನಿ" ಅಂದ ಹೊರೇಸ್. ಆಮೇಲೆ ನಗದೆ ಹೇಳಿದ, "ಸಾಕು ಬಿಡು ಕ್ಲೆಮ್. ಈ ಪೀಪಾಯೀನ ನಡುವಿಗೆ ಕುಯ್ದು ಟೊಮೇಟೊ ಗಿಡ ಹಾಕ್ಕೋ. ಎರಡು ಕುಂಡ ಆಗತ್ತೆ."

"ಒಳಗೆ ತುಂಬಿರೋದು?"

"ಮೋರಿಗೆ ಸುರಿ."

ಕ್ಲೆಮ್ ನನ್ನ ಮುಖ ನೋಡಿದ. ಪೀಪಾಯಿ ಮುಟ್ಟದೆ, ತನ್ನ ತೊಟ್ಟಿಲನ್ನು ಎತ್ತಿಕೊಂಡು ಹೋದ.

ನಮ್ಮ ಹಿತ್ತಲಿನಲ್ಲಿ ಒಂದು ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ, ನಿಂತಿತ್ತು. ಪ್ರತಿ ಬೇಸಿಗೆ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಆಂಗಲ್ಸೀ ದ್ವೀಪಕ್ಕೆ ಹೋಗಿ, ಕಡಲ ದಂಡೆಯಲ್ಲಿ ನಿಲ್ಲಿಸಿ, ಒಳಗೆ ಕೂತು ಮಳೆ ನೋಡುತ್ತಿದ್ದೆವು. ಈಗ ಕಾರು ಓಡಿಸುವವರಿಲ್ಲ. ನನಗೆ ಸ್ಟೇರಿಂಗ್ ಹಿಡಿಯುವ ಧೈರ್ಯವಿಲ್ಲ. ಆದರೂ ವಾರಕ್ಕೊಮ್ಮೆ ಹೋಗಿ ಧೂಳು ಹೊಡೆದು ಬರುತ್ತಿದ್ದೆ. ಹಾಗೆ ಒಂದು ದಿನ ಧೂಳು ಹೊಡೆದು, ಒಳಗಿನ ಪುಟ್ಟ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದೆ. ಕ್ಯಾರವಾನಿನಲ್ಲಿ ನೀರು ತಾನಾಗಿ ಬರುವುದಿಲ್ಲ, ನೆಲದ ಮೇಲಿರುವ ಪಂಪನ್ನು ಕಾಲಲ್ಲಿ ಒತ್ತುತ್ತಿರಬೇಕು. ಒತ್ತಿದಷ್ಟು ನೀರು. ನಾನು ಎರಡೂ ಕೈ ಉಜ್ಜುತ್ತ, ಎಡಗಾಲಲ್ಲಿ ಒತ್ತುತ್ತ, ಯಾಕೋ ಬಗ್ಗಿ ನನ್ನ ಕಾಲನ್ನೇ ನೋಡಿದೆ.

ಸ್ಕ್ರೂಡ್ರೈವರು ತಂದು ಆ ಪಂಪನ್ನು ಬಿಚ್ಚಿದವಳು ನಾನೇ. ತಿರುಪುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರಲಿಲ್ಲ. ಬೈದುಕೊಂಡು, ಮಂಡಿ ತರಚಿಕೊಂಡು ಬಿಚ್ಚಿದೆ. ಕೊನೆಯದು ಕೈಗೆ ಬಂದಾಗ, ಇನ್ನು ಆಂಗಲ್ಸೀ ಇಲ್ಲ ಅನ್ನುವುದು ಮೊದಲ ಸಲ ನಿಜವಾಗಿ ತಿಳಿಯಿತು. ಅಲ್ಲೇ ನೆಲದ ಮೇಲೆ ಕೂತು ಸ್ವಲ್ಪ ಅತ್ತೆ. ಆಮೇಲೆ ಬೇಲಿಯ ಬಳಿ ಹೋಗಿ ಕ್ಲೆಮ್‌ನನ್ನು ಕೂಗಿದೆ.

ಅವನು ಪಂಪನ್ನು ತಿರುಗಿಸಿ ಮುರುಗಿಸಿ ನೋಡಿದ. "ನಲ್ಲಿಯಿಂದ ಪಂಪಿಗೆ ಒಂದು ಪೈಪು, ಪಂಪಿಂದ ಮೇಲಕ್ಕೆ ಇನ್ನೊಂದು. ಅವನು ಎಡಗೈಲಿ ಗ್ಲಾಸು ಓರೆ ಹಿಡ್ಕೊಂಡು ಎಡಗಾಲಲ್ಲಿ ಒತ್ತೋದು. ಹೆಟ್ಟೀ ತಾಯೀ, ನೀನು ಗಂಡಸಾಗಿ ಹುಟ್ಟಿದ್ರೆ ನನ್ನ ಕೆಲಸಕ್ಕೆ ಕುತ್ತು ತರ್ತಿದ್ದೆ."

"ಬಾಯಿ ಮುಚ್ಕೊಂಡು ಪೈಪು ಹುಡುಕು" ಅಂದೆ.

ತನ್ನ ಖಾಲಿ ಪೀಪಾಯಿಗೆ ನೀರು ತುಂಬಿ ಅವನು ಅದನ್ನು ಹಿತ್ತಲಿನಲ್ಲಿ ಪರೀಕ್ಷಿಸಿದ. ಒತ್ತಿದರೆ ನೀರು, ಬಿಟ್ಟರೆ ನಿಂತಿತು. ಒಂದು ತೊಟ್ಟೂ ಸೋರಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಸರದಿಯ ಮೇಲೆ ಒತ್ತಿ ಒತ್ತಿ ಅವನ ಹಿತ್ತಲನ್ನೆಲ್ಲ ಕೆಸರು ಮಾಡಿದೆವು.

ಶನಿವಾರ ಅದನ್ನು ಹೊರೇಸನ ಮುಂದಿಟ್ಟೆವು. ಪಂಪನ್ನು ಒಂದು ಹಲಗೆಗೆ ಬಿಗಿದಿದ್ದ ಕ್ಲೆಮ್. ಹೊರೇಸ್ ಅದನ್ನು ಬಹಳ ಹೊತ್ತು ನೋಡಿದ.

"ಇದು ನಮ್ಮ ಕ್ಯಾರವಾನಿಂದಲ್ವಾ?"

"ಹೌದು."

"ನಿಂಗೆ ಆಂಗಲ್ಸೀ ಬೇಡ್ವಾ?"

"ಅಲ್ಲಿ ಏನಿದೆ, ಮಳೆ ತಾನೇ. ಇಲ್ಲೂ ಬರತ್ತೆ."

ಅವನು ಎಡಗಾಲಿನ ಚಪ್ಪಲಿ ಕಳಚಿ, ಬರೀ ಕಾಲುಚೀಲದಲ್ಲಿ ಪಂಪಿನ ಮೇಲೆ ಪಾದ ಇಟ್ಟು ನೋಡಿದ. "ಒಂದು ಸಲ ನೋಡೋಣ. ನಾಳೆ ಎಲ್ಲರನ್ನೂ ಕರಿ. ಆಗ್ಲಿಲ್ಲ ಅಂದ್ರೆ ಸೋಮವಾರ ಗರಗಸ ತಗೊಂಬಾ ಕ್ಲೆಮ್. ಮತ್ತೆ ಮತ್ತೆ ನನ್ನನ್ನ ಇದರ ಮುಂದೆ ಕೂರಿಸ್ಬೇಡಿ."

ಭಾನುವಾರ ಎಲ್ಲರೂ ಬಂದರು. ಕ್ಲೆಮ್, ಮೂಲೆ ಮನೆಯ ಪರ್ಸಿ, ಇನ್ನೂ ಮೂರು ನಾಲ್ಕು ಜನ. ತಲೆ ಬಾಚಿಕೊಂಡು, ಮದುವೆಗೆ ಬಂದವರ ಹಾಗೆ ಗೋಡೆಗೆ ಒತ್ತಿ ನಿಂತಿದ್ದರು. ಕೈಯಲ್ಲಿದ್ದ ಗ್ಲಾಸುಗಳನ್ನು ಎಲ್ಲಿಡಬೇಕೋ ತಿಳಿಯದೆ ಹೊಟ್ಟೆಗೆ ಅವುಚಿಕೊಂಡಿದ್ದರು. ಹೊರೇಸ್ ಒಗೆದ ಅಂಗಿ ಹಾಕಿಕೊಂಡು ಪೀಪಾಯಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಎಡಗೈಯಲ್ಲಿ ನಲ್ಲಿಯನ್ನು ಪೂರ್ತಿ ತೆರೆದು, ಅದೇ ಕೈಗೆ ಗ್ಲಾಸು ತೆಗೆದುಕೊಂಡು ಮೇಲಿನ ಪೈಪಿನ ಬಾಯಿಗೆ ಹಿಡಿದ. ಪಾದವನ್ನು ಪಂಪಿನ ಮೇಲಿಟ್ಟ.

ಅವನು ಒತ್ತುವ ಮೊದಲೇ ಬಿಯರ್ ಬಂತು.

ಒಂದು ಕ್ಷಣ ಎಲ್ಲರೂ ಮೆಚ್ಚಿಕೊಂಡು ನಕ್ಕರು. ಗ್ಲಾಸು ತುಂಬಿತು. ಹೊರೇಸ್ ಕಾಲು ಎತ್ತಿದ. ಬಿಯರ್ ನಿಲ್ಲಲಿಲ್ಲ. ಕಾಲನ್ನು ಇನ್ನೂ ಮೇಲಕ್ಕೆತ್ತಿದ. ಗ್ಲಾಸು ಉಕ್ಕಿ ಮುಂಗೈ ಮೇಲೆ, ತೊಡೆಯ ಮೇಲೆ, ನೆಲದ ಮೇಲೆ ಹರಿಯಿತು. ಕೈಯಲ್ಲಿ ತುಂಬಿದ ಗ್ಲಾಸು, ನಲ್ಲಿ ಮುಚ್ಚಲು ಇನ್ನೊಂದು ಕೈಯಿಲ್ಲ. ಅವನು ನಲ್ಲಿಯನ್ನು ನೋಡುತ್ತಿರಲಿಲ್ಲ. ತನ್ನ ಎಡಗಾಲನ್ನೇ ನೋಡುತ್ತಿದ್ದ, ಅದು ಯಾರದೋ ಕಾಲು ಅನ್ನುವ ಹಾಗೆ. ಮುಖದಲ್ಲಿ ರಕ್ತವಿರಲಿಲ್ಲ.

ಮಹಾನುಭಾವರೆಲ್ಲ ಗೋಡೆಗೆ ಅಂಟಿಕೊಂಡೇ ನಿಂತಿದ್ದರು. ಒಳ್ಳೆಯ ಬಿಯರ್ ನದಿಯಾಗಿ ಹರಿದು ಪರ್ಸಿಯ ಬೂಟಿಗೆ ತಾಗುತ್ತಿದೆ, ಒಬ್ಬನೂ ಬಗ್ಗಿ ನಲ್ಲಿ ತಿರುಗಿಸಲೊಲ್ಲ. ಬೇರೆಯವನ ನಲ್ಲಿಯಲ್ಲವೇ. ಪರ್ಸಿ ಬೂಟು ಒಂದಿಷ್ಟು ಪಕ್ಕಕ್ಕೆ ಸರಿಸಿದ, ಅಷ್ಟೇ.

ನಾನು ನುಗ್ಗಿ ಹೋಗಿ ನಲ್ಲಿ ಮುಚ್ಚಿದೆ. ಹೊರೇಸ್ ಗ್ಲಾಸು ಕೆಳಗಿಟ್ಟ. "ಎಲ್ಲರೂ ಹೋಗಿ" ಅಂದ. ಧ್ವನಿ ಮೆಲ್ಲಗಿತ್ತು. "ಕ್ಲೆಮ್, ನಾಳೆ ಗರಗಸ ಮರೀಬೇಡ."

ಅವರು ಹೋದರು. ನಾನು ನೆಲ ಒರೆಸಲು ಕೂತೆ. ಇಡೀ ಕೋಣೆ ಹಾಪ್ ವಾಸನೆ. ಅವನು ಕುರ್ಚಿಯಲ್ಲೇ ಇದ್ದ, ಒದ್ದೆ ಅಂಗಿಯಲ್ಲಿ.

"ಹೆಟ್ಟೀ" ಅಂದ ಸ್ವಲ್ಪ ಹೊತ್ತಾದ ಮೇಲೆ. "ಈ ಕಾಲೂ ಹೋಯ್ತು ಅನ್ನಿಸತ್ತೆ. ನಾನು ಎತ್ತಿದೆ. ಎತ್ತಿದೀನಿ ಅಂದ್ಕೊಂಡೆ. ಅದು ಕೇಳ್ಲಿಲ್ಲ."

ನಾನು ಒರೆಸುವ ಬಟ್ಟೆ ಬಿಟ್ಟು ಅವನ ಮುಂದೆ ಮಂಡಿಯೂರಿದೆ. ಅಂಗೈಯನ್ನು ನೆಲದ ಮೇಲೆ ಚಾಚಿ, ಅವನ ಎಡಪಾದವನ್ನು ಎತ್ತಿ ಅದರ ಮೇಲಿಟ್ಟೆ.

"ಒತ್ತು."

"ಬೇಡ ಬಿಡೇ."

"ಒತ್ತು ಅಂದೆ."

ಅವನು ಒತ್ತಿದ. ಮಗ್ಗದ ಮೇಸ್ತ್ರಿಯ ಕಾಲು ಅದು. ನನ್ನ ಬೆರಳುಗಳು ಲಟಲಟ ಅಂದವು.

"ನೋವಾಯ್ತಾ?"

"ಜೀವ ಹೋಯ್ತು. ಈಗ ಎತ್ತು."

ಎತ್ತಿದ. ಮತ್ತೆ ಒತ್ತು ಅಂದೆ, ಎತ್ತು ಅಂದೆ. ಪ್ರತಿ ಸಲವೂ ಕಾಲು ಹೇಳಿದ ಹಾಗೆ ಕೇಳಿತು. ನನಗೆ ಕಣ್ಣೀರು ಬಂದದ್ದು ಬೆರಳಿನ ನೋವಿಗೆ ಅಂತ ಅವನು ತಿಳಿದುಕೊಂಡಿರಬೇಕು, ಮೂರನೆಯ ಸಲ ಮೆಲ್ಲಗೆ ಇಟ್ಟ.

"ಕಾಲು ಸರಿಯಾಗಿದೆ" ಅಂದ. ಹುಬ್ಬು ಗಂಟಿಕ್ಕಿ ಪಂಪನ್ನು ನೋಡಿದ, ಪೀಪಾಯಿಯನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಮೇಸ್ತ್ರಿ ಕಾಣಿಸಿಕೊಂಡ. "ಕ್ಲೆಮ್ ಇದನ್ನ ಏನ್ ಹಾಕಿ ಪರೀಕ್ಷೆ ಮಾಡ್ದ?"

"ನೀರು."

"ನೀರು" ಅಂದ ಹೊರೇಸ್. ಅವನ ಹೊಟ್ಟೆ ಕುಲುಕತೊಡಗಿತು. "ನೀರಂತೆ. ನೀರಿಗೆಲ್ಲಿದೆ ಉಸಿರು? ಅದು ಪಾಪ ತಾನಾಗಿ ಬರಲ್ಲ, ಒತ್ತಿದ್ರೆ ಬರತ್ತೆ. ನನ್ನ ಬಿಯರಿಗೆ ಪಂಪು ಯಾಕೆ ಬೇಕು, ಅದು ಪಂಪನ್ನೂ ದಾಟ್ಕೊಂಡು ತಾನೇ ಓಡಿ ಬಂದಿದೆ. ಅಯ್ಯೋ ಪೆದ್ದು ಕೊಳಾಯಿಯವನೇ." ನಗುತ್ತ ನಗುತ್ತ ಅವನಿಗೆ ಕೆಮ್ಮು ಬಂತು. ಆಮೇಲೆ ಅಳುವೂ ಬಂತು. ನಾನು ಅವನ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ.

ಸಮಾಧಾನವಾದ ಮೇಲೆ ಕೇಳಿದೆ, "ಹಾಗಾದ್ರೆ ಏನ್ ಮಾಡ್ಬೇಕು?"

ಅವನಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. ಮುಚ್ಚಳ ಸಡಿಲಿಸಿ ಉಸಿರನ್ನು ಹೊರಗೆ ಬಿಡಬೇಕು. ಹಾಗೇ ಸಡಿಲವಾಗಿ ಬಿಟ್ಟಿರಬೇಕು. ಬಿಗಿದರೆ ಮತ್ತೆ ಒತ್ತಡ ಕಟ್ಟುತ್ತದೆ. ಸಡಿಲವಿದ್ದರೆ ಪಂಪು ಹೇಳಿದ ಹಾಗೆ ಕೇಳುತ್ತದೆ. ಆದರೆ ಹೊರಗಿನ ಗಾಳಿ ಹೊಕ್ಕ ಬಿಯರು ಮೂರು ದಿನ ನಿಂತರೆ ಹೆಚ್ಚು. ಆಮೇಲೆ ಹುಳಿ ತಿರುಗಿ ವಿನಿಗರ್.

"ಮೂರು ದಿನದಲ್ಲಿ ಒಂದು ಪೀಪಾಯಿ" ಅಂದ. "ಉಸಿರಿಲ್ಲದ್ದು. ನಾನು ಹಾಗೆ ಕೊಡ್ತೀನಾ ಜನಕ್ಕೆ?"

"ಕೊಡು, ಇಲ್ಲಾ ಟೊಮೇಟೊಗೆ ಕೊಡು."

ಅವನು ನನ್ನ ಕಡೆ ಉರಿಗಣ್ಣು ಬಿಟ್ಟ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದೆ. ಕೊನೆಗೆ ಕೋಲು ಊರಿ ಎದ್ದು, ಗೋಡೆಗೆ ಒರಗಿ ನಿಂತು, ಎಡಗೈಯನ್ನು ಮುಚ್ಚಳದ ಮೇಲಿಟ್ಟ.

"ಪೀಪಾಯಿ ಹಿಡ್ಕೋ. ಮುಚ್ಚಳ ಮುಟ್ಬೇಡ."

ನಾನು ಅದರ ಗುಂಡು ಹೊಟ್ಟೆಯನ್ನು ತಬ್ಬಿಕೊಂಡೆ. ಅವನು ಹಲ್ಲು ಕಚ್ಚಿ ತಿರುಗಿಸಿದ. ಉಸ್ಸೆಂದು ಗಾಳಿ ಹೊರಟಿತು, ಬಹಳ ಹೊತ್ತು ಹೊರಟಿತು. ಅದು ಮುಗಿಯುವವರೆಗೆ ಅವನು ಕಣ್ಣು ಮುಚ್ಚಿಕೊಂಡಿದ್ದ.

ಆಮೇಲೆ ಹೇಳಿದ, "ಹೋಗು, ಕ್ಲೆಮ್‌ನ ಹಿತ್ತಲಲ್ಲೇ ಇರ್ತಾರೆ ಆ ಕಳ್ಳರು. ಕರಿ. ಅವರಿಷ್ಟು ಜನ ಸಾಲಲ್ಲ, ಬೀದಿಯವರನ್ನೆಲ್ಲ ಕರಿ. ಹೆಂಗಸರೂ ಬರ್ಲಿ."

ಒಲೆಯಲ್ಲಿದ್ದ ಮಾಂಸ ಕರಕಲಾದದ್ದು ಆ ದಿನ ಯಾರಿಗೂ ನೆನಪಾಗಲಿಲ್ಲ. ಹೊರೇಸ್ ನಲ್ಲಿ ತೆರೆದ. ಪೈಪಿನ ಬಾಯಿ ಒಣಗಿಯೇ ಇತ್ತು. ಗ್ಲಾಸು ಓರೆ ಹಿಡಿದು ಕಾಲು ಒತ್ತಿದ, ಬಿಯರ್ ಬಂತು. ಕಾಲು ಎತ್ತಿದ, ನಿಂತಿತು. ಒತ್ತುತ್ತ, ಎತ್ತುತ್ತ, ಗ್ಲಾಸನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತ ಕಂಠದವರೆಗೆ ತುಂಬಿದ. ಒಂದು ಗುಟುಕು ಕುಡಿದ. ಮುಖ ಕಿವುಚಲಿಲ್ಲ, ಆದರೆ ಅದಕ್ಕೆ ಎಷ್ಟು ಕಷ್ಟಪಟ್ಟ ಅಂತ ನನಗೆ ಕಂಡಿತು.

"ಯಾರು ಮೊದಲು?" ಅಂದ.

ಪರ್ಸಿ ಗ್ಲಾಸು ಚಾಚಿದ. ಕುಡಿದು ನೋಡಿ, "ಸಪ್ಪೆಯಾಗಿದೆಯಲ್ಲೋ ಹೊರೇಸ್. ಎಲ್ಲೋಯ್ತು ನಿನ್ನ ಸ್ವಂತ ಉಸಿರು?" ಅಂದ.

"ಕ್ಲೆಮ್‌ನ ಕೇಳು. ಅವನು ನೀರು ಕುಡಿಯೋನು" ಅಂದ ಹೊರೇಸ್. "ಬೇಗ ಮುಗ್ಸು, ಇನ್ನೊಂದು ಹಾಕ್ತೀನಿ."

ಅವನ ಬಾಯಲ್ಲಿ ಇನ್ನೊಂದು ಹಾಕ್ತೀನಿ ಅನ್ನುವ ಮಾತು ಕೇಳಿ ಕ್ಲೆಮ್ ಗೋಡೆ ಹಿಡಿದುಕೊಂಡ.

ಸೋಮವಾರವೂ ಬಂದರು. ಎದುರುಮನೆಯ ವಿಧವೆ ಬಂದಳು, ಅಂಚೆಯವನು ಬಂದ, ಇಷ್ಟು ವರ್ಷ ನಮ್ಮ ಹೊಸಿಲು ತುಳಿಯದ ಚರ್ಚಿನ ಪಾದ್ರಿಯೂ ಬಂದ. ಎಲ್ಲರಿಗೂ ಹೊರೇಸನೇ ಸುರಿದ. ಕಾಲು ನೋಯುತ್ತದೆ ಅಂತ ಗೊಣಗಿದ, ಇನ್ನೊಬ್ಬರು ಬಂದರೆ ಮತ್ತೆ ಕುರ್ಚಿ ಸರಿಮಾಡಿಕೊಂಡು ಕೂತ.

ಮಂಗಳವಾರ ಮಧ್ಯಾಹ್ನ ಪೀಪಾಯಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಎಲ್ಲರೂ ಅವರವರ ಕೆಲಸಕ್ಕೆ ಹೋಗಿದ್ದರು. ಹೊರೇಸ್ ಪೀಪಾಯಿಯ ಪಕ್ಕದಲ್ಲೇ ಕೂತು ಬಾಗಿಲ ಕಡೆ ನೋಡುತ್ತಿದ್ದ. ನಾನು ಬಟ್ಟಲು ಕಪಾಟಿನಿಂದ ಒಂದು ಗ್ಲಾಸು ತೆಗೆದು ಅವನ ಮುಂದೆ ಹೋಗಿ ಚಾಚಿದೆ.

"ನೀನಾ?" ಅಂದ. "ನಿಂಗೆ ಬಿಯರ್ ಸೇರಲ್ವಲ್ಲ."

"ಬಾಯಾರಿಕೆ."

ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡ. ಪಾದ್ರಿಗೂ ಅಷ್ಟು ಜೋಪಾನವಾಗಿ ಸುರಿದಿರಲಿಲ್ಲ. ನಾನು ನೋಡಿದ್ದು ಗ್ಲಾಸನ್ನಲ್ಲ, ಆ ಬೂದುಬಣ್ಣದ ಕಾಲುಚೀಲ ಒತ್ತುವುದನ್ನು, ಏಳುವುದನ್ನು. ಅವನು ತುಂಬಿದ ಗ್ಲಾಸನ್ನು ನನಗೆ ಕೊಟ್ಟು, ಮಗ್ಗದ ಮುಂದೆ ನಿಂತಿದ್ದ ಕಾಲದ ಹಾಗೆ ಗದ್ದ ಎತ್ತಿ ಕಾದ.

ಆಗಲೇ ಹುಳಿ ತಿರುಗಿತ್ತು. ಗಂಟಲು ಉರಿಯಿತು. ಒಂದು ತೊಟ್ಟೂ ಬಿಡದೆ ಕುಡಿದೆ.

"ಹೇಗಿದೆ?"

ಬಾಯಿ ಒರೆಸಿಕೊಂಡು ಖಾಲಿ ಗ್ಲಾಸನ್ನು ಮತ್ತೆ ಮುಂದೆ ಚಾಚಿದೆ.

"ಇನ್ನೊಂದು ಹಾಕು" ಅಂದೆ.